20% ಬೆಳಕು ಬಿಡುವ ಸೋಲಾರ್ ಗಾಜು ಹಾಕಿದ್ರೆ ಕೋಣೆ ಕತ್ತಲಾಗುತ್ತಾ?

ನಕ್ಷೆಗಾರ:
ನಾಲ್ಕು ಮಹಡಿಯ ಕಚೇರಿ ಕಟ್ಟಡ. ಪಶ್ಚಿಮದ ಗೋಡೆ ಪೂರ್ತಿ ಗಾಜು. ಮಾಲೀಕರದ್ದು ಒಂದೇ ಹಟ: ಆ ಗಾಜೇ ಕರೆಂಟ್ ಮಾಡಬೇಕು, ಒಳಗೆ ಬೆಳಕೂ ಬರಬೇಕು, ಹೊರಗಿನ ನೋಟವೂ ಕಾಣಬೇಕು. ನನ್ನ ಮೇಜಿನ ಮೇಲೆ ಈಗ ಮೂರು ಕ್ಯಾಟಲಾಗ್ ಇವೆ. ಒಂದರಲ್ಲಿ "ವಿಎಲ್‌ಟಿ 20%", ಇನ್ನೊಂದರಲ್ಲಿ "ಪಾರದರ್ಶಕತೆ 40%", ಮೂರನೆಯದರಲ್ಲಿ "ಸೆಲ್ ವ್ಯಾಪ್ತಿ 70%". ಮೂರೂ ಒಂದೇ ಲೆಕ್ಕಾನಾ?

ಮುಖ್ಯ ಪ್ರಶ್ನೆ ಇದು. 20% ಅಂದ್ರೆ ಐದರಲ್ಲಿ ಒಂದು ಪಾಲು ಬೆಳಕು. ಅಷ್ಟರಲ್ಲಿ ಜನ ಕೂತು ಕೆಲಸ ಮಾಡಬಹುದಾ? ಇಲ್ಲಾ ಹಗಲಲ್ಲೂ ದೀಪ ಹಾಕಬೇಕಾ? ಗಾಜು ಮಾಡಿದ ಕರೆಂಟೆಲ್ಲ ಹಗಲು ದೀಪಕ್ಕೇ ಹೋದ್ರೆ ಏನು ಬಂತು ಭಾಗ್ಯ?

ಒಂಟಿಕಣ್ಣು:
ಕತ್ತಲಾಗುತ್ತೆ. ಮುಂದಿನ ಪ್ರಶ್ನೆ?

ಗಾಜಿನಕೆಲಸ:
ಅಷ್ಟು ಸಲೀಸಾಗಿ ಹೇಳೋ ಹಾಗಿಲ್ಲ ಒಂಟಿಕಣ್ಣು ಅವರೇ. ಮೊದಲು ಆ ಮೂರು ಕ್ಯಾಟಲಾಗ್ ಬಿಡಿಸೋಣ. ಮೂರೂ ಬೇರೆ ಬೇರೆ ಮಾತು.

ವಿಎಲ್‌ಟಿ ಅಂದ್ರೆ ಕಣ್ಣಿಗೆ ಕಾಣುವ ಬೆಳಕಲ್ಲಿ ಎಷ್ಟು ಪಾಲು ಗಾಜು ದಾಟಿ ಒಳಗೆ ಬರುತ್ತೆ ಅನ್ನೋದು. 380ರಿಂದ 780 ನ್ಯಾನೋಮೀಟರ್ ಒಳಗಿನ ಬೆಳಕು. ಆದರೆ ಎಲ್ಲ ಬಣ್ಣಕ್ಕೂ ಒಂದೇ ತೂಕ ಇಲ್ಲ. ಹಗಲಲ್ಲಿ ನಮ್ಮ ಕಣ್ಣು 555 ನ್ಯಾನೋಮೀಟರ್ ಹತ್ತಿರದ ಹಸಿರಿಗೆ ತುಂಬ ಚುರುಕು. ಹಾಗಾಗಿ ಲೆಕ್ಕದಲ್ಲಿ ಹಸಿರಿಗೆ ತೂಕ ಜಾಸ್ತಿ, ಕೆಂಪಿನ ಮತ್ತು ನೇರಳೆಯ ಅಂಚಿಗೆ ಕಮ್ಮಿ. ಐಎಸ್‌ಒ 9050, ಇಎನ್ 410 ಇವೆಲ್ಲ ಈ ಲೆಕ್ಕ ಹೇಗೆ ಮಾಡಬೇಕು ಅಂತ ಹೇಳುವ ಮಾನದಂಡಗಳು. ಮೊದಲ ಕ್ಯಾಟಲಾಗ್ ಇದನ್ನೇ ಕೊಟ್ಟಿದ್ರೆ ಅದು ನೇರ ನಡೆ.

"ಸೆಲ್ ವ್ಯಾಪ್ತಿ 70%" ಅನ್ನೋದು ಸಿಲಿಕಾನ್ ಸೆಲ್‌ಗಳನ್ನು, ಅಂದ್ರೆ ಕರೆಂಟ್ ಮಾಡುವ ಬಿಲ್ಲೆಗಳನ್ನು, ಬಿಡಿ ಬಿಡಿಯಾಗಿ ಕೂರಿಸಿದ ಗಾಜು. ಆ ಸೆಲ್‌ಗಳ ಮೂಲಕ ಒಂದು ಹನಿ ಬೆಳಕೂ ಬರಲ್ಲ. ಬರೋದೆಲ್ಲ ಸಂದಿಯಿಂದ. 156 ಮಿಲಿಮೀಟರ್ ಚೌಕದ ಸೆಲ್, ನಡುವೆ 30 ಮಿಲಿಮೀಟರ್ ಸಂದಿ ಅಂತ ಇಟ್ಟುಕೊಳ್ಳಿ. 156 ಭಾಗಿಸು 186, ಅದರ ವರ್ಗ, ಸುಮಾರು 0.70. ಅಂದ್ರೆ 30% ಜಾಗ ಖಾಲಿ. ಆ ಖಾಲಿ ಜಾಗದಲ್ಲೂ ಗಾಜು ಇದೆಯಲ್ಲ, ಅದೂ ಒಂದಿಷ್ಟು ತಿನ್ನುತ್ತೆ. ಲ್ಯಾಮಿನೇಟ್ ಮಾಡಿದ, ಅಂದ್ರೆ ಪದರ ಪದರ ಅಂಟಿಸಿದ ಗಾಜು 85% ಬಿಟ್ರೆ ಕೊನೆಗೆ ಉಳಿಯೋದು 25%. ಒಳಗಡೆ ಇನ್ನೊಂದು ಗಾಜು ಸೇರಿಸಿ ಡಬಲ್ ಮಾಡಿದ್ರೆ 22ರ ಸುತ್ತ.

"ಪಾರದರ್ಶಕತೆ 40%" ಅಂದವರನ್ನು ಮಾತ್ರ ಹಿಡಿದು ಕೇಳಿ. ಜಾಗದ 40%ಓ, ಬೆಳಕಿನ 40%ಓ? ಗಾಜಿನ ಮೇಲೆ ಬಳಿದ, ಕರೆಂಟ್ ಮಾಡುವ ತೆಳು ಪದರವನ್ನು ಲೇಸರ್‌ನಲ್ಲಿ ಎಷ್ಟು ಕೆರೆದಿದ್ದೇವೆ ಅನ್ನೋದನ್ನೇ ಪಾರದರ್ಶಕತೆ ಅಂತ ಬರೆದುಬಿಡೋರು ಇದ್ದಾರೆ. ಒಂಟಿ ಗಾಜಿನ ಸಂಖ್ಯೆ ಕೊಟ್ಟು ಡಬಲ್ ಗಾಜು ಮಾರೋರೂ ಇದ್ದಾರೆ.

ನಕ್ಷೆಗಾರ:
ಅಯ್ಯೋ, 40% ಅಂತ ಮಾಲೀಕರಿಗೆ ಆಗಲೇ ಹೇಳಿಬಿಟ್ಟಿದ್ದೆ!

ಬಿಸಿಲುಕುದುರೆ:
ಇಷ್ಟೆಲ್ಲ ತಲೆಬಿಸಿ ಯಾಕೆ? ಪೂರ್ತಿ ಪಾರದರ್ಶಕ ಸೋಲಾರ್ ಗಾಜು ಬಂದಾಯ್ತು. ವಿಡಿಯೋ ನೋಡಿದೆ. ಕೈಯಲ್ಲಿ ಹಿಡಿದ್ರೆ ಮಾಮೂಲಿ ಗಾಜಿನ ಥರಾನೇ ಇತ್ತು. 2014ರಲ್ಲೇ ಬಂದಿದೆಯಂತೆ.

ಅರ್ಧವಾಹಕ:
ಬಿಸಿಲುಕುದುರೆ, ನೀವು ನೋಡಿದ್ದು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಿಚರ್ಡ್ ಲಂಟ್ ತಂಡದ ಕೆಲಸ ಇರಬೇಕು. ಸುಳ್ಳಲ್ಲ, ಚೆನ್ನಾಗೇ ಇದೆ. ಆದರೆ ಅದರ ಕಥೆ ಬೇರೆ.

ಯಾವ ಬಣ್ಣದ ಬೆಳಕೇ ಆಗಲಿ, ಅದಕ್ಕೆ ಮೂರೇ ದಾರಿ. ಒಂದೋ ಗಾಜು ದಾಟಿ ಒಳಗೆ ಬರಬೇಕು, ಇಲ್ಲಾ ವಾಪಸ್ ಚಿಮ್ಮಬೇಕು, ಇಲ್ಲಾ ಗಾಜಲ್ಲೇ ಹೀರಿಹೋಗಬೇಕು. ಕರೆಂಟ್ ಆಗೋದು ಹೀರಿದ್ದು ಮಾತ್ರ. ಒಂದೇ ಕಿರಣ ಮೇಜಿನ ಮೇಲೂ ಬಿದ್ದು ಕರೆಂಟೂ ಆಗಲ್ಲ. ಹಾಗಾಗಿ ಕಣ್ಣಿಗೆ ಕಾಣೋದನ್ನೆಲ್ಲ ಒಳಗೆ ಬಿಟ್ಟು, ಕಾಣದ ಅತಿನೇರಳೆ ಮತ್ತು ಅವಗೆಂಪನ್ನು ಮಾತ್ರ ಹೀರಿದ್ರೆ ಹೇಗೆ ಅಂತ ಇವರು ಯೋಚಿಸಿದ್ರು. ಗಾಜಿನೊಳಗಿನ ಬಣ್ಣದ ಕಣಗಳು ಆ ಕಾಣದ ಬೆಳಕನ್ನು ಹೀರಿ ಬೇರೆ ಕಾಣದ ಬೆಳಕಾಗಿ ಬಿಡುತ್ತವೆ. ಅದರಲ್ಲಿ ಮುಕ್ಕಾಲು ಪಾಲು ಗಾಜಿನೊಳಗೇ ಪುಟಿಯುತ್ತ ಅಂಚಿಗೆ ಹೊರಡುತ್ತೆ. ಅಂಚಲ್ಲಿ ಸಣ್ಣ ಸೋಲಾರ್ ಪಟ್ಟಿ ಕೂತಿರುತ್ತೆ.

ಸಮಸ್ಯೆ ಏನು ಅಂದ್ರೆ ಗಾಜು ದೊಡ್ಡದಾದಷ್ಟೂ ದಾರೀಲೇ ಸೋರಿಕೆ ಜಾಸ್ತಿ. ಕಾಣುವ ಬೆಳಕನ್ನು ಪೂರ್ತಿ ಒಳಗೆ ಬಿಡುವ ಸೆಲ್ ಬಿಸಿಲಿನ ಶಕ್ತಿಯಲ್ಲಿ ಎಷ್ಟು ಪಾಲನ್ನು ಕರೆಂಟ್ ಮಾಡಬಲ್ಲದು ಅನ್ನೋದಕ್ಕೆ ಸಿದ್ಧಾಂತದ ಮಿತಿಯೇ ಸುಮಾರು 20%. ಮಾಮೂಲಿ ಒಂದೇ ಪದರದ ಸೆಲ್‌ಗೆ ಆ ಮಿತಿ 33% ಹತ್ತಿರ. ಕೈಗೆ ಬಂದಿರುವ ಪಾರದರ್ಶಕ ಸರಕು ಆ ಮಿತಿಗಿಂತ ತುಂಬ ಕೆಳಗೇ ಇದೆ. ನಕ್ಷೆಗಾರರು ಇವತ್ತು ಗೋಡೆ ಕಟ್ಟಬೇಕು, ವಿಡಿಯೋ ಅಲ್ಲ.

ಬಿಸಿಲುಕುದುರೆ:
ಸರಿ ಸರಿ. ಉತ್ಸಾಹಕ್ಕೆ ತಣ್ಣೀರು ಎರಚೋದ್ರಲ್ಲಿ ನೀವು ನಿಸ್ಸೀಮರು ಬಿಡಿ.

ಕಿಟಕಿಪಕ್ಕ:
ಸಿದ್ಧಾಂತ ಪಕ್ಕಕ್ಕಿರಲಿ, ನಾನು ಇಂಥ ಗಾಜಿನ ಕೆಳಗೆ ಎರಡು ವರ್ಷ ಕೂತಿದ್ದೇನೆ. ನಮ್ಮ ಹಳೇ ಕಚೇರಿಯ ನಡುಮನೆಯ ಛಾವಣಿಗೆ ತೆಳು ಸಿಲಿಕಾನ್ ಪದರದ ಗಾಜು ಹಾಕಿದ್ರು. ಕತ್ತಲು ಅನ್ನಿಸಲಿಲ್ಲ, ಅದು ನಿಜ. ಆದರೆ ಬಣ್ಣ! ಎಲ್ಲರ ಮುಖವೂ ಹಳೇ ಕಂದು ಫೋಟೋದಲ್ಲಿ ಇದ್ದ ಹಾಗೆ. ನೀಲಿ ಫೈಲು ಯಾವುದು, ಕಪ್ಪು ಫೈಲು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಮುದ್ರಣಕ್ಕೆ ಹೋಗುವ ಪುಟದ ಬಣ್ಣ ನೋಡೋಕೆ ಕಾಗದ ಹಿಡಿದು ಹೊರಗೆ ಓಡುತ್ತಿದ್ದೆವು. ಮಾರಿದವರು "ಬೆಚ್ಚನೆಯ ವರ್ಣ" ಅಂತ ಹೇಳಿದ್ರಂತೆ. ಕ್ಯಾಟಲಾಗ್ ಭಾಷೆಯೇ ಭಾಷೆ.

ಅರ್ಧವಾಹಕ:
ಅದು ಅಮಾರ್ಫಸ್ ಸಿಲಿಕಾನ್ ಪದರ, ಹರಳಾಗದ ಸಿಲಿಕಾನ್. ಅದು ನೀಲಿಯನ್ನು ಗಬಗಬ ಹೀರುತ್ತೆ, ಹಸಿರನ್ನೂ ಸಾಕಷ್ಟು. ಕೆಂಪಿನ ಕಡೆ ಬಂದ ಹಾಗೆ ಹೀರೋದು ಕಮ್ಮಿ. ಅದರ ಬ್ಯಾಂಡ್‌ಗ್ಯಾಪ್, ಅಂದ್ರೆ ಅದು ಹೀರಬಲ್ಲ ಬೆಳಕಿಗೆ ಇರಬೇಕಾದ ಕನಿಷ್ಠ ಶಕ್ತಿ, ಸುಮಾರು 1.7 ಎಲೆಕ್ಟ್ರಾನ್ ವೋಲ್ಟ್. ಅಂದ್ರೆ 730 ನ್ಯಾನೋಮೀಟರ್ ಆಚೆಗಿನ ಬೆಳಕು ಅದಕ್ಕೆ ಬೇಡವೇ ಬೇಡ. ಪದರ ತೆಳುವಾಗಿದ್ರೆ ದಾಟಿ ಬರುವ ಬೆಳಕು ಕಿತ್ತಳೆ ಕಂದು.

ಅದೇ ಪದರವನ್ನು ದಪ್ಪಗೇ ಇಟ್ಟು, ಲೇಸರ್‌ನಲ್ಲಿ ಕೂದಲೆಳೆ ಗೆರೆ ಅಥವಾ ಚುಕ್ಕಿ ಕೆರೆದರೆ ಬರೋದು ಸಂದಿಯ ಬಿಳಿ ಬೆಳಕು. ಕ್ಯಾಡ್ಮಿಯಮ್ ಟೆಲ್ಯುರೈಡ್ ಅನ್ನೋ ಇನ್ನೊಂದು ಜಾತಿಯ ತೆಳುಪದರದ ಗಾಜಲ್ಲೂ ಹೀಗೇ ಮಾಡ್ತಾರೆ. ದೂರದಿಂದ ಬೂದು ಗಾಜಿನ ಥರ ಕಾಣುತ್ತೆ. ಬಣ್ಣ ಕೆಡಲ್ಲ.

ಹಾಗಾಗಿ ನಕ್ಷೆಗಾರರೇ, ಎರಡು ಗಾಜಿನ ಮೇಲೂ 20% ಅಂತಲೇ ಬರೆದಿದ್ರೂ ಒಂದರ ಕೆಳಗೆ ಕೂತವರು ಹಾಯಾಗಿರ್ತಾರೆ, ಇನ್ನೊಂದರ ಕೆಳಗೆ ಕೂತವರು ಕಿಟಕಿಪಕ್ಕ ಆಗ್ತಾರೆ. ವಿಎಲ್‌ಟಿ ಜೊತೆ ಬಣ್ಣ ತೋರಿಸುವ ಸೂಚ್ಯಂಕವನ್ನೂ ಕೇಳಿ, ಸಿಆರ್‌ಐ ಅಂತಾರೆ. 90ರ ಮೇಲಿದ್ರೆ ಚೆನ್ನ.

ಕಿಟಕಿಪಕ್ಕ:
ನನ್ನ ಹೆಸರನ್ನೇ ಬೈಗುಳ ಮಾಡಿಬಿಟ್ರಲ್ಲ ಸ್ವಾಮಿ 😄

ಚುಕ್ಕಿರಂಗೋಲಿ:
ಗೆರೆ ಕೆರೆದ ಗಾಜಿನ ಹತ್ತಿರ ಕೂತ್ರೆ ಕಣ್ಣಿಗೆ ಹಿಂಸೆ ಆಗಲ್ವಾ? ಸೊಳ್ಳೆಪರದೆಯೊಳಗಿಂದ ನೋಡಿದ ಹಾಗೆ?

ಗಾಜಿನಕೆಲಸ:
ಎಷ್ಟು ದೂರ ಅನ್ನೋದರ ಮೇಲೆ. ಚೆನ್ನಾಗಿರೋ ಕಣ್ಣು ಒಂದು ಮೀಟರ್ ದೂರದಲ್ಲಿ ಸುಮಾರು 0.3 ಮಿಲಿಮೀಟರ್ ಅಂತರವನ್ನು ಬಿಡಿಸಿ ನೋಡುತ್ತೆ. ಗೆರೆಗಳ ನಡುವೆ 1 ಮಿಲಿಮೀಟರ್ ಇದ್ರೆ ಮೂರೂವರೆ ಮೀಟರ್ ಆಚೆ ಹೋದ್ರೆ ಎಲ್ಲ ಕಲಸಿ ಒಂದೇ ಛಾಯೆ. ಕಿಟಕಿಗೆ ಮೂಗು ತಾಗಿಸಿ ಕೂರೋರಿಗೆ ಗೆರೆ ಕಂಡೇ ಕಾಣುತ್ತೆ. ಫೋಟೋ ತೆಗೆದ್ರೆ ಇನ್ನೂ ಮಜಾ, ಗೆರೆಯ ಮೇಲೆ ಅಲೆ ಅಲೆ ಬರುತ್ತೆ.

ಸೆಲ್ ಕೂರಿಸಿದ ಗಾಜಾದ್ರೆ ನೆಲದ ಮೇಲೆ ಚೌಕಾಬಾರ ಮನೆ ಥರ ನೆರಳು ಬೀಳುತ್ತೆ. ಓಡಾಡುವ ಜಾಗಕ್ಕೆ ಅದು ಚಂದ. ಬರ್ಲಿನ್‌ನ ಮುಖ್ಯ ರೈಲು ನಿಲ್ದಾಣದ ಗಾಜಿನ ಛಾವಣಿಯಲ್ಲಿ ಅಂಥದ್ದು ಇದೆ, 2006ರಲ್ಲಿ ಶುರುವಾದ ನಿಲ್ದಾಣ. ಆದರೆ ಅಲ್ಲಿ ಜನ ರೈಲು ಹತ್ತಿ ಹೋಗ್ತಾರೆ. ಓದೋ ಮೇಜಿನ ಮೇಲೆ ಅದೇ ನೆರಳು ನಿಧಾನವಾಗಿ ತೆವಳುತ್ತ ಬಂದ್ರೆ ತಲೆನೋವು.

ಲಕ್ಸ್‌ಲೆಕ್ಕ:
ಮೂಲ ಪ್ರಶ್ನೆಗೆ ಬರೋಣ್ವಾ? ಕತ್ತಲಾಗುತ್ತಾ ಇಲ್ವಾ?

ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತೆ ಅನ್ನೋದರ ಅಳತೆ ಲಕ್ಸ್. ಮೋಡದ ದಿನ ಬಯಲಲ್ಲಿ ಸುಮಾರು 10,000 ಲಕ್ಸ್ ಬೆಳಕು. ಕಚೇರಿ ಮೇಜಿಗೆ ಸಾಮಾನ್ಯವಾಗಿ ಕೇಳೋದು 300ರಿಂದ 500. ಮಾಮೂಲಿ ಡಬಲ್ ಗಾಜಿನ ಕಿಟಕಿ 80% ಬಿಡುತ್ತೆ. ಅಂಥ ಕಿಟಕಿಯಿಂದ ನಿಮ್ಮ ಮೇಜಿಗೆ 400 ಲಕ್ಸ್ ಬರ್ತಿತ್ತು ಅನ್ನಿ. ಗಾಜು 20% ಆದ್ರೆ ಅದೇ ಮೇಜಿಗೆ 100. ದೀಪ ಹಾಕಲೇಬೇಕು.

ಈಗ ಬಿಸಿಲಿನ ದಿನ. ಸಂಜೆಯ ಸೂರ್ಯ ಪಶ್ಚಿಮದ ಗಾಜಿಗೆ ಎದುರಾಗಿ ನಿಂತಾಗ ಗಾಜಿನ ಮೇಲೆ 50,000 ಲಕ್ಸ್ ಬಿತ್ತು ಅನ್ನಿ. ಅದರ 20% ಅಂದ್ರೆ 10,000. ಕಂಪ್ಯೂಟರ್ ಪರದೆ ಮೇಲೆ ಅದು ಬಿದ್ರೆ ಏನೂ ಕಾಣಲ್ಲ. ಇನ್ನು ಸೂರ್ಯನ ಬಿಂಬವೇ ಗಾಜಲ್ಲಿ ಕಂಡ್ರೆ? ಐದನೇ ಒಂದು ಪಾಲಾದ್ರೂ ಕಣ್ಣು ಕುಕ್ಕೋದು ತಪ್ಪಲ್ಲ. ಪರದೆ ಎಳೀತೀರಿ. ಪರದೆ ಎಳೆದ ಮೇಲೆ ಮತ್ತೆ ದೀಪ.

ಮೋಡ ಇದ್ರೆ ಕತ್ತಲು, ಬಿಸಿಲಿದ್ರೆ ಪ್ರಖರ. ಅತ್ತ ದರಿ ಇತ್ತ ಪುಲಿ.

ಒಂಟಿಕಣ್ಣು:
ನಾನು ಒಂದೇ ಪದದಲ್ಲಿ ಹೇಳಿದ್ದೆ.

ಮನೆಬೆಳಕು:
ಲಕ್ಸ್‌ಲೆಕ್ಕ ಅವರ ಗಣಿತ ಸರಿ, ಆದರೆ ಕಣ್ಣು ಲಕ್ಸ್ ಮೀಟರ್ ಅಲ್ಲ. ಬೆಳಕು ಅರ್ಧ ಆದ್ರೆ ಕೋಣೆ ಅರ್ಧ ಮಬ್ಬು ಅನ್ನಿಸಲ್ಲ. ಕಣ್ಣು ಹೊಂದಿಕೊಳ್ಳುತ್ತೆ. ನಾನು ಒಳಾಂಗಣದ ಕೆಲಸ ಮಾಡೋಳು. 50% ಗಾಜಿನ ಕೋಣೆಗೆ ಬಂದವರು "ಗಾಜು ಬಣ್ಣದ್ದಾ?" ಅಂತ ಕೂಡ ಕೇಳಲ್ಲ. ಪಕ್ಕದಲ್ಲೇ ಒಂದು ಮಾಮೂಲಿ ಕಿಟಕಿ ಇದ್ರೆ ಮಾತ್ರ ಸಿಕ್ಕಿಬೀಳ್ತೀರಿ. ಆಗ ಸೋಲಾರ್ ಗಾಜು ಕೊಳೆ ಹಿಡಿದ ಹಾಗೆ ಕಾಣುತ್ತೆ. ಹಾಗಾಗಿ ಒಂದೇ ಗೋಡೆಯಲ್ಲಿ, ಕಣ್ಣಿನ ಮಟ್ಟದಲ್ಲಿ, ಎರಡನ್ನೂ ಬೆರೆಸಬೇಡಿ.

ಇನ್ನೊಂದು, ರಾತ್ರಿ. ಒಳಗೆ ದೀಪ, ಹೊರಗೆ ಕತ್ತಲು. ಕಪ್ಪು ಗಾಜು ಕನ್ನಡಿ ಆಗಿಬಿಡುತ್ತೆ. ಇದನ್ನು ಯಾರೂ ಮೊದಲೇ ಯೋಚಿಸಲ್ಲ.

ಲಕ್ಸ್‌ಲೆಕ್ಕ:
50ಕ್ಕೆ ನೀವು ಹೇಳಿದ್ದು ಒಪ್ಪಿದೆ ಮೇಡಂ. 20ಕ್ಕೆ ಒಪ್ಪಲ್ಲ. ಓದೋಕೆ ಬೇಕಾದ ಬೆಳಕು ಬೇಕೇ ಬೇಕು.

ಪದಕೋಶ:
ಅಡ್ಡ ಬಂದೆ, ಕ್ಷಮಿಸಿ. ಎಲ್ಲರೂ "ಪಾರದರ್ಶಕ", "ಅರೆಪಾರದರ್ಶಕ" ಅಂತ ಬಳಸ್ತಿದ್ದೀರಿ. ಶಾಲೆಯ ಪಾಠದಲ್ಲಿ ಅರೆಪಾರದರ್ಶಕ ಅಂದ್ರೆ ಎಣ್ಣೆ ಹಚ್ಚಿದ ಕಾಗದದ ಥರ. ಬೆಳಕು ಬರುತ್ತೆ, ಆಚೆಗಿನ ವಸ್ತು ಸ್ಪಷ್ಟ ಕಾಣಲ್ಲ. ಈ ಗೆರೆ ಗಾಜಲ್ಲಿ ಆಚೆಗಿನದು ಸ್ಪಷ್ಟವಾಗೇ ಕಾಣುತ್ತಲ್ಲ? ಬೆಳಕು ಮಾತ್ರ ಕಮ್ಮಿ. ಹಾಗಾದ್ರೆ ಅದನ್ನು ಏನನ್ನಬೇಕು?

ಬಿಸಿಲುಕುದುರೆ:
ಜಿಪುಣ ಗಾಜು.

ಗಾಜಿನಕೆಲಸ:
😂 ಆದರೆ ಪದಕೋಶ ಅವರ ಮಾತಲ್ಲಿ ಹುರುಳಿದೆ. ನೋಟ ಬೇರೆ, ಬೆಳಕು ಬೇರೆ. ಉಜ್ಜಿದ ಗಾಜು 70% ಬೆಳಕು ಬಿಟ್ಟೂ ನೋಟ ಸೊನ್ನೆ. ಕಪ್ಪು ಕನ್ನಡಕ 15% ಬಿಟ್ಟೂ ನೋಟ ಚೊಕ್ಕ. ನಕ್ಷೆಗಾರರ ಮಾಲೀಕರಿಗೆ ಬೇಕಾಗಿರೋದು ಬೆಳಕೋ ನೋಟವೋ ಅಂತ ಮೊದಲು ಕೇಳಬೇಕು.

ಸೆಖೆಗಾರ:
ಎಲ್ಲರೂ ಬೆಳಕು ಬೆಳಕು ಅಂತಿದ್ದೀರಿ, ಶಾಖದ ಗತಿ? ಬಿಸಿಲಿನ ಶಕ್ತಿಯಲ್ಲಿ ಕಣ್ಣಿಗೆ ಕಾಣೋದು ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಉಳಿದದ್ದು ಬಹುಪಾಲು ಅವಗೆಂಪು. ಒಳ್ಳೆ ಲೋ-ಇ (ಶಾಖ ವಾಪಸ್ ಎಸೆಯುವ ತೆಳು ಲೇಪದ) ಡಬಲ್ ಗಾಜು 60% ಬೆಳಕು ಬಿಟ್ಟೂ ಬಿಸಿಲಿನ ಒಟ್ಟು ಶಾಖದಲ್ಲಿ 30%ಗಿಂತ ಕಮ್ಮಿ ಒಳಗೆ ಬಿಡಬಲ್ಲದು. ಬೇಕಾದ್ದು ತಗೊಂಡು ಬೇಡದ್ದನ್ನು ವಾಪಸ್ ಎಸೆಯುತ್ತೆ. ಸೋಲಾರ್ ಗಾಜು ಉಲ್ಟಾ. ಹೀರುತ್ತೆ. ಹೀರಿದ್ದರಲ್ಲಿ ಸಣ್ಣ ಪಾಲು ಕರೆಂಟ್, ಉಳಿದದ್ದೆಲ್ಲ ಗಾಜನ್ನೇ ಕಾಯಿಸುತ್ತೆ. ಕಾದ ಗಾಜಿನ ಪಕ್ಕ ಕೂತವರ ಕೆನ್ನೆ ಕೇಳಿ ಗೊತ್ತಾಗುತ್ತೆ. ಒಂಟಿ ಲ್ಯಾಮಿನೇಟ್ ಗಾಜು ಹಾಕಲೇಬೇಡಿ. ಹೊರಗೆ ಸೋಲಾರ್, ನಡುವೆ ಖಾಲಿ ಜಾಗ, ಒಳಗೆ ಲೋ-ಇ ಲೇಪದ ಗಾಜು, ಹೀಗೆ ಹಾಕಿದ್ರೆ ಶಾಖ ಹೊರಗೇ ಉಳಿಯುತ್ತೆ.

ಕಿಟಕಿಪಕ್ಕ:
ಕಾಯೋ ವಿಷಯ ಬಂತಲ್ಲ, ನಮ್ಮ ಹಳೇ ಕಚೇರಿಯದ್ದೇ ಇನ್ನೊಂದು ಕಥೆ. ಕೆಳಮಹಡಿಯ ಒಂದು ಗೋಡೆಗೂ ಅದೇ ಜಾತಿಯ ಗಾಜಿತ್ತು. ಕಣ್ಣಿಗೆ ಹೊಡೆಯುತ್ತೆ ಅಂತ ನಮ್ಮ ಸಹೋದ್ಯೋಗಿ ಒಬ್ಬರು ಒಳಗಡೆಯಿಂದ ಕಪ್ಪು ಕಾಗದ ಅಂಟಿಸಿದ್ರು. ಮೂರನೇ ದಿನ ಮಧ್ಯಾಹ್ನ ಟಪ್ ಅಂತ ಸದ್ದು. ಅಂಚಿನಿಂದ ಒಳಗೆ ಒಂದೇ ಉದ್ದನೆ ಬಿರುಕು. ಹಾಕಿದವರು ಕಾಗದ ಅಂಟಿಸಿದವರ ತಪ್ಪು ಅಂದ್ರು, ನಾವು ಗಾಜಿನ ತಪ್ಪು ಅಂದ್ವಿ. ಜಗಳ ಮುಗಿಯೋ ಹೊತ್ತಿಗೆ ನಾನು ಕೆಲಸ ಬಿಟ್ಟಿದ್ದೆ.

ಗಾಜಿನಕೆಲಸ:
ಇಬ್ಬರದ್ದೂ ತಪ್ಪು. ನಡುವೆ ಕಾದು ಹಿಗ್ಗುತ್ತೆ, ಚೌಕಟ್ಟಿನೊಳಗಿನ ಅಂಚು ತಣ್ಣಗೆ ಹಾಗೇ ಇರುತ್ತೆ. ಆ ಎಳೆತಕ್ಕೆ ಅಂಚಿನಲ್ಲಿ ಬಿರುಕು ಹುಟ್ಟುತ್ತೆ. ಇಂಥ ಜಾಗಕ್ಕೆ ಹದ ಮಾಡದ ಗಾಜು ಹಾಕಿದ್ದೇ ಮೊದಲ ತಪ್ಪು. ಬಿಸಿ ಮಾಡಿ ಗಟ್ಟಿ ಮಾಡಿದ ಗಾಜೇ ಬೇಕು.

ಛಾವಣಿವಾದಿ:
ನಾನು ಅಪ್ರಿಯ ಸತ್ಯ ಹೇಳ್ತೀನಿ. 20% ಬೆಳಕು ಬಿಡೋ ಅಮಾರ್ಫಸ್ ಸಿಲಿಕಾನ್ ಗಾಜು ಚದರ ಮೀಟರಿಗೆ 30–40 ವ್ಯಾಟ್ ಕೊಟ್ರೆ ಹೆಚ್ಚು. ಛಾವಣಿಯ ಮಾಮೂಲಿ ಪ್ಯಾನೆಲ್ 200 ಕೊಡುತ್ತೆ. ಅಂದ್ರೆ 100 ಚದರ ಮೀಟರ್ ಕಿಟಕಿ ಕೊಡೋ 3 ಕಿಲೋವ್ಯಾಟ್ ಅನ್ನು ಛಾವಣಿಯ 15 ಚದರ ಮೀಟರ್ ಕೊಡುತ್ತೆ. ಅದೂ ನೆಟ್ಟಗೆ ನಿಂತ ಗೋಡೆಗೆ ಬಿಸಿಲು ಬೀಳೋದೇ ಕಮ್ಮಿ, ಆ ಮಾತು ಸೇರಿಸದೆ. ಕಿಟಕಿಯ ಕೆಲಸ ಕಿಟಕಿ ಮಾಡಲಿ, ಪ್ಯಾನೆಲ್ ಕೆಲಸ ಪ್ಯಾನೆಲ್ ಮಾಡಲಿ.

ಅರ್ಧವಾಹಕ:
ಛಾವಣಿ ತುಂಬಿದ ಮೇಲೆ? ನಾಲ್ಕು ಮಹಡಿಗೆ ಛಾವಣಿ ಸಾಕಾಗಬಹುದು, ನಲವತ್ತು ಮಹಡಿಗೆ? ಅಲ್ಲಿ ಗೋಡೆಯೇ ಎಲ್ಲ. ಮತ್ತೆ ನೀವು ಹೋಲಿಸ್ತಿರೋದು ಸ್ವಚ್ಛ ಗಾಜಿನ ಜೊತೆ. ಪಶ್ಚಿಮದ ಗೋಡೆಗೆ ಯಾರೂ ಸ್ವಚ್ಛ ಗಾಜು ಹಾಕಲ್ಲ. ಹೇಗೂ ಕಪ್ಪು ಗಾಜೋ ಹೊಳಪು ಗಾಜೋ ಹಾಕಿ ಬೆಳಕು 30%ಗೆ ಇಳಿಸ್ತಾರೆ. ಆ 70% ಸುಮ್ನೆ ವ್ಯರ್ಥ. ಅದರಲ್ಲಿ ಸ್ವಲ್ಪವಾದ್ರೂ ಕರೆಂಟ್ ಆಗಲಿ ಅನ್ನೋದು ತಪ್ಪಾ?

ಛಾವಣಿವಾದಿ:
ತಪ್ಪಲ್ಲ. ಆದರೆ ಪ್ರತಿ ಗಾಜಿಗೂ ವೈರು, ಚೌಕಟ್ಟಿನೊಳಗೆ ಜೋಡಣೆ ಪೆಟ್ಟಿಗೆ. ಪಕ್ಕದ ಕಟ್ಟಡದ ನೆರಳು ಒಂದು ಗಾಜಿಗೆ ಬಿದ್ರೆ ಆ ಸಾಲಿನ ಎಲ್ಲವೂ ಮುಗ್ಗರಿಸುತ್ತೆ. ಒಡೆದ್ರೆ ಹತ್ತು ವರ್ಷದ ನಂತರ ಅದೇ ಛಾಯೆಯ ಗಾಜು ಯಾರು ಕೊಡ್ತಾರೆ?

ಅರ್ಧವಾಹಕ:
ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಅದು ನಿಜವಾದ ತೊಂದರೆ.

ಬಣ್ಣವನ್ನೇ ಚಂದ ಮಾಡಿಕೊಂಡವರೂ ಇದ್ದಾರೆ ಅನ್ನೋದು ಮರೆಯಬೇಡಿ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ 2014ರಲ್ಲಿ ತೆರೆದ ಸ್ವಿಸ್‌ಟೆಕ್ ಸಭಾಭವನದ ಪಶ್ಚಿಮದ ಮುಖಕ್ಕೆ ಡೈ ಸೆಲ್‌ಗಳ, ಅಂದ್ರೆ ಬಣ್ಣದ ರಾಸಾಯನಿಕವೇ ಬೆಳಕು ಹೀರುವ ಸೆಲ್‌ಗಳ ಗಾಜಿದೆ. 1991ರಲ್ಲಿ ಗ್ರೆಟ್ಸೆಲ್ ಮತ್ತು ಓ'ರೀಗನ್ ಪ್ರಕಟಿಸಿದ ವಿಧಾನ. ಕೆಂಪು, ಹಸಿರು, ಕಿತ್ತಳೆ. ಜನ ಓಡಾಡುವ ಜಾಗ ಅದು, ಕೂತು ಬಣ್ಣ ಹೋಲಿಸುವ ಜಾಗ ಅಲ್ಲ. ಅಲ್ಲಿ ಬಣ್ಣ ಶೋಭೆ.

ಹಕ್ಕಿಗೂಡು:
ಗೆರೆ ಗಾಜಿಂದ ಹಕ್ಕಿಗಳಿಗೆ ಉಪಕಾರ ಅಂತ ಯಾರೂ ಹೇಳಲೇ ಇಲ್ಲ. ಸ್ವಚ್ಛ ಗಾಜು ಅವಕ್ಕೆ ಕಾಣಲ್ಲ, ಬಂದು ಡಿಕ್ಕಿ ಹೊಡೀತವೆ. ಎದ್ದು ಕಾಣುವ ಗುರುತು ಐದು ಸೆಂಟಿಮೀಟರಿಗೊಂದು ಇದ್ರೆ ದಾರಿ ಬದಲಿಸ್ತವೆ.

ಗಾಜಿನಕೆಲಸ:
ಸೆಲ್ ಗಾಜಾದ್ರೆ ಹೌದು. ಲೇಸರ್ ಗೆರೆ ತೀರಾ ಸಣ್ಣದು, ದೂರದಿಂದ ಹಕ್ಕಿಗೂ ಕಲಸಿಯೇ ಕಾಣಬಹುದು. ಕಪ್ಪು ಗಾಜಿನ ಹೊಳಪಲ್ಲಿ ಆಕಾಶ ಕಂಡ್ರೆ ಇನ್ನೂ ಅಪಾಯ.

ನಕ್ಷೆಗಾರ:
ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಕಾಣೆಯಾಗಿದ್ದೆ. ನಡೆದದ್ದು ಹೇಳ್ತೀನಿ.

40% ಕ್ಯಾಟಲಾಗಿನವರಿಗೆ ಬರೆದು ಕೇಳಿದೆ. ಗಾಜಿನಕೆಲಸ ಹೇಳಿದ್ದೇ ನಿಜ, ಅದು ಕೆರೆದ ಜಾಗದ ಪಾಲು. ಡಬಲ್ ಗಾಜು ಮಾಡಿದ ಮೇಲೆ ವಿಎಲ್‌ಟಿ 29% ಅಂತ ಉತ್ತರ ಬಂತು. ಆಮೇಲೆ ಕಟ್ಟಡದ ಜಾಗದಲ್ಲೇ ಮರದ ಡಬ್ಬದಂಥ ಕೋಣೆ ಮಾಡಿ, ಮಾದರಿ ಗಾಜು ಒಂದೊಂದಾಗಿ ಕೂರಿಸಿ ನೋಡಿದ್ವಿ. ಮೋಡದ ದಿನ ಮೇಜಿನ ಮೇಲೆ ಸ್ವಚ್ಛ ಡಬಲ್ ಗಾಜಿಗೆ 380 ಲಕ್ಸ್, 20%ದ್ದಕ್ಕೆ 90.

ಲಕ್ಸ್‌ಲೆಕ್ಕ:
ಫೋನ್ ಆ್ಯಪಲ್ಲಿ ಅಳೆದಿರಾ? ಮೀಟರನ್ನು ಗಾಜಿಗೆ ಅಂಟಿಸಿ ಹಿಡಿದ್ರೆ ಅದು ಗೆರೆ ಮೇಲೆ ಕೂತಿದೆಯೋ ಸಂದಿಯಲ್ಲಿ ಕೂತಿದೆಯೋ ಗೊತ್ತಾಗಲ್ಲ.

ನಕ್ಷೆಗಾರ:
ಇಲ್ಲ ಸರ್, ಮೀಟರ್ ತಂದಿದ್ದೆ. ಮೇಜಿನ ಮೇಲೆ ಐದು ಕಡೆ ಇಟ್ಟು ಸರಾಸರಿ ತೆಗೆದೆ.

ಮಾಲೀಕರು ಬಂದು ಡಬ್ಬದೊಳಗೆ ಹತ್ತು ನಿಮಿಷ ಕೂತರು. ಸಂಜೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ, "ಇದು ಬೆಳಕನ್ನು ತಡೆದದ್ದು ಎಲ್ಲಿ?" ಅಂದ್ರು. ಮರುದಿನ ಮೋಡ, ಮತ್ತೆ ಬಂದು "ಏನ್ರೀ ಇದು ಗುಹೆ" ಅಂದ್ರು. ನಾನು ವಾದ ಮಾಡಲೇ ಬೇಕಾಗಲಿಲ್ಲ.

ಈಗಿನ ತೀರ್ಮಾನ ಹೀಗೆ. ಮೆಟ್ಟಿಲು ಮತ್ತು ಹಜಾರದ ಮೇಲಿನ ಗಾಜಿಗೆ ಸೆಲ್ ಕೂರಿಸಿದ್ದು, ಅಲ್ಲಿ ನೆರಳು ಬಿದ್ರೂ ಚಂದ. ಮಹಡಿ ಮಹಡಿಯ ನಡುವೆ, ಚಪ್ಪಡಿ ಮುಚ್ಚುವ ಗಾಜಿನ ಪಟ್ಟಿ ಇರುತ್ತಲ್ಲ, ಅಲ್ಲಿ ಹೇಗೂ ಬೆಳಕು ಬೇಡ. ಅಲ್ಲಿ ಪೂರ್ತಿ ಕಪ್ಪು ಸೋಲಾರ್. ಕಣ್ಣಿನ ಮಟ್ಟದ ಕಿಟಕಿಗೆ ಲೋ-ಇ ಗಾಜು, ಹೊರಗೆ ಬಿಸಿಲು ತಡೆಯೋ ಅಡ್ಡಪಟ್ಟಿ.

ಛಾವಣಿವಾದಿ:
ಮತ್ತೆ ಛಾವಣಿ?

ನಕ್ಷೆಗಾರ:
ಛಾವಣಿಯೂ ಇದೆ ಗುರುಗಳೇ, ಬಿಟ್ಟಿಲ್ಲ.

ಒಂಟಿಕಣ್ಣು:
ಅಂದ್ರೆ ಮೊದಲ ಉತ್ತರದಲ್ಲಿ ನಾನು ಹೇಳಿದ್ದೇ ಸರಿ ತಾನೇ?

ಲಕ್ಸ್‌ಲೆಕ್ಕ:
ಮೋಡ ಇದ್ದ ದಿನಕ್ಕೆ ಮಾತ್ರ.